ಮೊದಲಿನ ಇಪ್ಪತ್ತಾರು ಪುಟ

ಮೂವತ್ಮೂರು ವರ್ಷದವಳು ನಿವೃತ್ತಿ ಅಂತ ಬರೆದರೆ ನೀವು ನಗುತ್ತೀರಿ, ಗೊತ್ತು. ನಮ್ಮ ಅವ್ವನೂ ನಕ್ಕಳು. "ನಿವೃತ್ತಿ ಅಂದ್ರ ಪೆನ್ಶನ್ ಬರಬೇಕವಾ ಸುವರ್ಣಾ, ನಿಂಗೇನ್ ಬರ್ತದ? ಮಣ್ಣು?" ಅಂದಳು. ಏನೂ ಬರುವುದಿಲ್ಲ. ಆದರೆ ಒಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿ, ಇನ್ನು ಇದು ನನ್ನ ಕೈಲಿ ಆಗದು ಅಂತ ಎದ್ದು ಬಂದದ್ದಕ್ಕೆ ಬೇರೆ ಪದ ಸಿಗಲಿಲ್ಲ. ಯಾರೂ ನನ್ನನ್ನು ತೆಗೆದು ಹಾಕಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಶಹಾಪುರದ ನಮ್ಮ ಗ್ರಂಥಾಲಯಕ್ಕೆ ಈಗ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಯಾದಗಿರಿಯಲ್ಲೂ ಇಂಥದ್ದೊಂದು ಶುರು ಮಾಡಬೇಕು ಅಂತ ಕೆಲವರು ಓಡಾಡುತ್ತಿದ್ದಾರೆ. "ಅಕ್ಕಾ, ಈ ಕೆಲಸದಾಗ ಏನೇನಿರ್ತದ, ಜರಾ ಬರದು ಕೊಡ್ರಿ" ಅಂತ ಅವರೆಲ್ಲ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ, ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ, ಹಿಂದುಮುಂದು ಆದರೆ ಸಹಿಸಿಕೊಳ್ಳಿ. ಖುಷಿಯ ಸಂಗತಿಗಳೂ ಇವೆ. ಆದರೆ ಕೊನೆಗೆ ಒಬ್ಬ ಟೇಲರನ ಕಣ್ಣಿನ ವಿಷಯ ಹೇಳಲೇಬೇಕು. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ಗ್ರಂಥಾಲಯ ಅಂದರೆ ಬಸ್ ನಿಲ್ದಾಣದ ಹಿಂದೆ, ಹತ್ತಿ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಹತ್ತಿ ಒತ್ತಿ ಅಂಡಿಗೆ ಕಟ್ಟುವಾಗ ಅರಳೆ ಹಾರಿ ಬಂದು ಪುಸ್ತಕದೊಳಗೆ ಸೇರುತ್ತದೆ. ಇಡೀ ವರ್ಷ ದುಡಿದರೂ ಅದು ಪೂರಾ ಹೋಗುವುದಿಲ್ಲ, ಪ್ರಯತ್ನ ಮಾಡಬೇಡಿ. ನಾಲ್ಕು ಕಪಾಟಿನಲ್ಲಿ ಒಂದು ಮಾತ್ರ ಕಥೆ-ಕಾದಂಬರಿಯದು. ಉಳಿದ ಮೂರರಲ್ಲಿ, ಇದನ್ನು ನಡೆಸುವ ದೇವಿಂದ್ರಪ್ಪ ಮಾಸ್ತರರ ಮಾತಿನಲ್ಲಿ ಹೇಳುವುದಾದರೆ, 'ವಿಷಯದ ಪುಸ್ತಕ'. ಹಾವು, ನಕ್ಷತ್ರ, ಎಲುಬು, ಗಡಿಯಾರ ರಿಪೇರಿ, ಚದುರಂಗ, ಕಸೂತಿ, ಹಳೆಯ ಕೋಟೆಗಳು, ಮೇಕೆ ರೋಗ, ಗಂಟು ಹಾಕುವ ವಿಧಾನಗಳು. ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು ಮಾತಾಡುವುದೂ ಲೆಕ್ಕ ಬಿಡಿಸಿದ ಹಾಗೇ.

ಕಾದಂಬರಿ ಬೇಕಾದವರು ತಾವೇ ಹುಡುಕಿಕೊಳ್ಳುತ್ತಾರೆ. ವಿಷಯದ ಪುಸ್ತಕ ಬೇಕಾದವರಿಗೆ ಮಾತ್ರ ಒಬ್ಬರು ಬೇಕು. ಯಾಕೆಂದರೆ ತಮಗೆ ಏನು ಬೇಕು ಅನ್ನುವುದಕ್ಕೆ ಅವರ ಬಳಿ ಹೆಸರಿರುವುದಿಲ್ಲ. ಆ ಒಬ್ಬರು ನಾನು. ಪಿಯುಸಿ ಮುಗಿಸಿದ್ದೆ ಅಷ್ಟೇ. ಗ್ರಂಥಾಲಯದ ಓದು ಓದಿಲ್ಲ. ಕಪಾಟಿನ ಮುಂದೆ ನಿಂತು ಓದಿ ಓದಿ ಕಲಿತೆ. ಹುಚ್ಚು ಹಿಡಿದ ಹಾಗೆ ಓದುತ್ತಿದ್ದೆ. ಊಟದ ಡಬ್ಬಿ ಒಂದು ಕೈಯಲ್ಲಿ, ಜೇನುಹುಳದ ಪುಸ್ತಕ ಇನ್ನೊಂದರಲ್ಲಿ.

ಸೇರಿದ ಮೊದಲ ತಿಂಗಳೇ ಮರ್ಯಾದೆ ಹೋಯಿತು. ಕಚೇರಿಯ ಗುಮಾಸ್ತರೊಬ್ಬರು ಬಂದು "ಪಾರಿವಾಳದ ಪುಸ್ತಕ ಅದ ಏನವಾ?" ಅಂದರು. ಇದೆಯಲ್ಲ! ಕುಣಿಯುತ್ತ ಹೋಗಿ ಪಾರಿವಾಳ ಸಾಕುವ ಪುಸ್ತಕ ತಂದುಕೊಟ್ಟು, ತಳಿಗಳ ಬಗ್ಗೆ ಹತ್ತು ನಿಮಿಷ ಭಾಷಣವನ್ನೂ ಕೊಟ್ಟೆ. ಅವರು ಪಾಪ, ಸುಮ್ಮನೆ ಕೇಳಿ ಒಯ್ದರು. ವಾರಕ್ಕೆ ತಿರುಗಿ ಬಂದರು.

"ಏನವಾ, ಮಷ್ಕಿರಿ ಮಾಡ್ತೀಯೇನು? ನಮ್ಮ ಮಾಳಗಿ ಮ್ಯಾಲ ನಲವತ್ತು ಪಾರಿವಾಳ ಕುಂತು ಹೇತು ಹೇತು ಸಾಕು ಮಾಡ್ಯಾವ. ಅವನ್ನ ಓಡಸೂದು ಹೆಂಗಂತ ನಾ ಬಂದ್ರ, ಅವಕ್ಕ ಜೋಳ ಹಾಕೂದು ಹೆಂಗಂತ ಕೊಟ್ಟೀಯಲ್ಲ!"

ಮಾಸ್ತರರು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಗುಮಾಸ್ತರು ಹೋದ ಮೇಲೆ, "ಹೋದ ಐತವಾರ ಏನ್ ಮಾಡಿದ್ರಿ ಅಂತ ಕೇಳಿದೇನು?" ಅಂದರು.

"ಇಲ್ರಿ ಸರ್."

"ಯಾವ ಪುಸ್ತಕ ಬೇಕಂತ ಎಂದೂ ಕೇಳಬ್ಯಾಡ. ಸುಳ್ಳು ಹೇಳ್ತಾರ. ಹೋದ ಐತವಾರ ಏನ್ ಮಾಡಿದ್ರಿ ಅಂತ ಕೇಳು. ಅಲ್ಲಿ ಸುಳ್ಳು ಹೇಳಾಕ ಬರಂಗಿಲ್ಲ."

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಈ ಭಾನುವಾರದ ಪ್ರಶ್ನೆಯೇ. ನೀವೂ ಕೇಳಿ. ಭತ್ತದ ಗದ್ದೆಯವರೊಬ್ಬರು ಕೃಷಿಯ ಪುಸ್ತಕ ಬೇಕು ಅಂತ ಬಂದಿದ್ದರು. ಐತವಾರ ಏನು ಮಾಡಿದಿರಿ ಅಂದರೆ ಕಾಲುವೆ ದಂಡೆಯ ಮೇಲೆ ಕೂತು ಮಿಂಚುಳ್ಳಿ ನೋಡಿದೆ ಅಂದರು. ಹಕ್ಕಿಯ ಪುಸ್ತಕ ಕೊಟ್ಟೆ. ಎರಡು ವರ್ಷ ಅದನ್ನೇ ತಿರುಗಿ ತಿರುಗಿ ಒಯ್ದರು. ಕೃಷಿಯ ಪುಸ್ತಕವನ್ನು ಕೈಯಿಂದಲೂ ಮುಟ್ಟಲಿಲ್ಲ.

ಪ್ರಶ್ನೆ ಸರಿಯಾಗಿ ಕೇಳಿಯೂ ತಪ್ಪುವುದುಂಟು. ಸೈದಾಪುರದ ಕಡೆ ಕಾರ್ಖಾನೆಯಲ್ಲಿ ದುಡಿಯುವ ಒಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಅಡುಗೆ ಪುಸ್ತಕ ಮಾತ್ರ ಒಯ್ಯುತ್ತಿದ್ದರು. ಒಂಟಿ ಮನುಷ್ಯ. ಐತವಾರ ಏನು ಮಾಡಿದಿರಿ ಅಂದೆ.

"ಇದನ್ನೇ ಓದೀನಿ. ಜೋರಾಗಿ ಓದ್ತೀನ್ರಿ. ಜ್ವರ ಬಂದು ಹೋದಾಗಿಂದ ನನಗ ವಾಸನಿ ಬರಂಗಿಲ್ಲ, ರುಚಿನೂ ಇಲ್ಲ. ಇಂಗು, ಕೊಬ್ರಿ, ಕರಿಬೇವು ಅಂತ ಓದಿದ್ರ ಒಮ್ಮೊಮ್ಮೆ ಬಂದಂಗ ಆಗ್ತದ."

ನನಗೆ ಎದೆ ಉಬ್ಬಿತು, ಇವರಿಗೆ ಏನು ಕೊಡಬೇಕು ಅಂತ ನನಗೆ ಗೊತ್ತು ಅಂತ. ಮೂಗು, ನಾಲಿಗೆ, ಮಿದುಳಿನ ಬಗ್ಗೆ ಒಳ್ಳೆಯ ಪುಸ್ತಕವೊಂದಿತ್ತು. ಕೊಟ್ಟೆ. ಇಷ್ಟು ದಿನ ಹೋದದ್ದು ತಿರುಗಿ ಬರುವುದು ಕಷ್ಟ ಅಂತ ಅದರಲ್ಲಿತ್ತು. ಓದಿದ್ದೆ, ಗೊತ್ತಿತ್ತು. ನಿಜ ತಿಳಿದರೆ ಒಳ್ಳೆಯದಲ್ಲವೇ ಅಂದುಕೊಂಡಿದ್ದೆ. ಅವರು ಪುಸ್ತಕವನ್ನು ಬೇರೆಯವರ ಕೈಯಲ್ಲಿ ಕಳಿಸಿದರು. ಮತ್ತೆ ಬರಲಿಲ್ಲ. ಅಡುಗೆ ಪುಸ್ತಕಕ್ಕೂ ಬರಲಿಲ್ಲ.

ಈಗ ಚೀಟಿಯ ವಿಷಯಕ್ಕೆ ಬರುತ್ತೇನೆ. ಇದು ನನ್ನದೇ ಉಪಾಯ. ಬಹಳ ಜಂಬ ಪಟ್ಟಿದ್ದೆ ಇದಕ್ಕೆ.

ತಿರುಗಿ ಬಂದ ಪುಸ್ತಕವನ್ನು ಮುಚ್ಚಿ ಅಂಚು ನೋಡಿ. ಎಲ್ಲಿಯವರೆಗೆ ಓದಿದ್ದಾರೋ ಅಲ್ಲಿಯವರೆಗೆ ಅಂಚು ಮಾಸಿರುತ್ತದೆ. ಎಣ್ಣೆ ಕೈ, ಮಣ್ಣಿನ ಕೈ, ಸುಣ್ಣದ ಕೈ. ಆಮೇಲೆ ಬೆಳ್ಳಗೆ. ನಮ್ಮ ವಿಷಯದ ಪುಸ್ತಕಗಳ ಅಂಚು ನೋಡಿದರೆ ಹದಿನೈದು, ಇಪ್ಪತ್ತು ಪುಟಕ್ಕೆ ಮಾಸಲು ನಿಂತುಬಿಡುತ್ತಿತ್ತು. ಯಾಕೆ ಅಂತ ತೆಗೆದು ನೋಡಿದೆ. ಪ್ರಕಾಶಕರ ಮಾತು, ಮುನ್ನುಡಿ, ಅನುವಾದಕರ ಮಾತು, ಅವರಿವರ ಹಾರೈಕೆ, ವಿಷಯದ ಇತಿಹಾಸ. ದುಡಿದು ಬಂದ ಮನುಷ್ಯ ಅದರಲ್ಲೇ ಮುಗ್ಗರಿಸಿ ಬಿದ್ದು, ಪುಸ್ತಕ ನನಗಲ್ಲ ಅಂತ ತಿರುಗಿ ಕೊಡುತ್ತಿದ್ದ.

ಹಾಗಾಗಿ ಹಳದಿ ಚೀಟಿ ಬರೆದು, ಅಸಲು ವಿಷಯ ಶುರುವಾಗುವ ಪುಟಕ್ಕೆ ಅಂಟು ಹಚ್ಚಿ ಅಂಟಿಸತೊಡಗಿದೆ. 'ಇಲ್ಲಿಂದ ಶುರು ಮಾಡ್ರಿ. ಹಿಂದಿನದು ಬೇಕಿಲ್ಲ.' ಅಷ್ಟೇ. ಮೂರು ತಿಂಗಳಲ್ಲಿ ಅಂಚುಗಳು ಕೊನೆಯವರೆಗೂ ಕಪ್ಪಾಗತೊಡಗಿದವು. ನಾನು ಅವುಗಳನ್ನು ಸಾಲಾಗಿ ಇಟ್ಟು ನೋಡಿ ಹಿಗ್ಗುತ್ತಿದ್ದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ.

ಮಾಸ್ತರರಿಗೆ ಹಿಡಿಸಲಿಲ್ಲ. "ಬರದಂವ ಹುಚ್ಚನೇನು, ಮೊದಲಿನ ಪುಟ ಬರಿಯಾಕ?" ಅಂದರು.

"ಯಾರೂ ಓದಂಗಿಲ್ರಿ ಸರ್ ಅದನ್ನ."

"ನೀ ಓದೀಯೇನು?"

"ಓದೀನ್ರಿ" ಅಂದೆ.

ಕೆಲವನ್ನು ಓದಿದ್ದೆ. ಎಲ್ಲವನ್ನೂ ಓದಿರಲಿಲ್ಲ. ಮುನ್ನುಡಿ ಅಂತ ತಲೆಬರಹ ಕಂಡರೆ ನಾನೂ ಹಾಳೆ ಮಗುಚುತ್ತಿದ್ದೆ.

ಕೆಲಸದ ವಿಧಾನವೂ ಬದಲಾಗುತ್ತಾ ಬಂತು. ಮೊದಲು ಓದುಗರೇ ಬರುತ್ತಿದ್ದರು. ಆಮೇಲೆ ಸುರಪುರ, ಯಾದಗಿರಿಯವರಿಗೆ ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ ಕಂಡಕ್ಟರರ ಕೈಯಲ್ಲಿ ಕಳಿಸುವ ರೂಢಿ ಆಯಿತು. ಅವರು ನಿಲ್ದಾಣಕ್ಕೆ ಬಂದು ಬಿಡಿಸಿಕೊಂಡು, ಅದೇ ಬಟ್ಟೆಯಲ್ಲಿ ಹಳೆಯದನ್ನು ಕಟ್ಟಿ ಕಳಿಸುತ್ತಿದ್ದರು. ಐತವಾರದ ಪ್ರಶ್ನೆ ಫೋನಿನಲ್ಲಿ. ಆಮೇಲೆ ವಾಯ್ಸ್ ಮೆಸೇಜಿನಲ್ಲಿ. ಎದುರಿಗೆ ಮುಖ ಇಲ್ಲದಾಗ ನಾನು ಇನ್ನೂ ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ.

ಮಾನಪ್ಪ ಅಣ್ಣ ಸಿಕ್ಕದ್ದು ಹೀಗೇ, ಫೋನಿನಲ್ಲಿ. ಸುರಪುರದಲ್ಲಿ ಟೇಲರ್. ಶಾಲೆ ಮಕ್ಕಳ ಸಮವಸ್ತ್ರ, ಪ್ಯಾಂಟು ಅವರದು. ಪಕ್ಕದ ಮಷೀನಿನಲ್ಲಿ ಹೆಂಡತಿ ಮಹಾದೇವಿ ಅಕ್ಕನ ಕುಪ್ಪಸ ಕೆಲಸ. ಯಾವ ಪುಸ್ತಕ ಬೇಕು ಅಂತ ಅವರು ಹೇಳಲೇ ಇಲ್ಲ. ಯಾವುದಾದರೂ ಕಳಿಸು ತಂಗಿ ಅಂದರು. ನಾನು ಪ್ರಶ್ನೆ ಹಾಕಿದೆ.

"ಹೋದ ಐತವಾರ? ಚಂದ್ರನ್ನ ನೋಡಿದೆ."

"ಸಂಜೀಕೇನ್ರಿ?"

"ಮುಂಜಾನಿ ಹತ್ತಕ್ಕ. ಹಗಲಿಗೂ ಇರ್ತಾನ ತಂಗಿ ಅಂವ. ಬಿಳಿ ಅರಬಿ ತುಂಡು ಒಣಗಾಕ ಹಾಕ್ದಂಗ. ಯಾರೂ ತಲಿ ಎತ್ತಂಗಿಲ್ಲ."

ಇಂಥ ಓದುಗ ಒಂಬತ್ತು ವರ್ಷದಲ್ಲಿ ಒಬ್ಬರೇ ಸಿಕ್ಕರು ನನಗೆ. ನಾಲ್ಕು ವರ್ಷದಲ್ಲಿ ಆಕಾಶದ ಬಗ್ಗೆ ನಮ್ಮಲ್ಲಿದ್ದ ಎಲ್ಲವನ್ನೂ ಓದಿದರು. ಅವರದು ಬೌದ್ಧ ಮನೆತನ. ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟವೊಂದು, ಮಷೀನ್ ಕಂಪನಿಯ ಕ್ಯಾಲೆಂಡರೊಂದು. ದಾರ, ತಾಯಿತ, ನಿಂಬೆಹಣ್ಣು ಯಾವುದನ್ನೂ ಹತ್ತಿರ ಸೇರಿಸುವವರಲ್ಲ. ಗ್ರಹಣ ಬಂತೆಂದರೆ ಓಣಿಯೆಲ್ಲ ಬಾಗಿಲು ಹಾಕಿಕೊಂಡರೆ, ಇವರು ಅಂಗಡಿ ತೆರೆದಿಟ್ಟು ರಸ್ತೆಯಲ್ಲಿ ಕುರ್ಚಿ ಹಾಕಿ ಚಹಾ ಕುಡಿಯುವವರು. ಎದುರಿನ ಕಿರಾಣಿ ಅಂಗಡಿಯ ಗುರಣ್ಣ ಒಳಗಿನಿಂದ ಕೂಗುತ್ತಿದ್ದನಂತೆ, "ಏ ಟೇಲರ್, ಕುಡಿ ಕುಡಿ, ಹೊಟ್ಟ್ಯಾಗ ಹಾವು ಹುಟ್ಟತಾವ ನೋಡು!" ಇವರು, "ಹುಟ್ಲಿ ಬಿಡು ಗುರಣ್ಣ, ನಿನ್ನ ಅಂಗಡ್ಯಾಗಿನ ಇಲಿ ತಿಂತಾವ" ಅನ್ನುತ್ತಿದ್ದರಂತೆ.

ಆಕಾಶದ ಪುಸ್ತಕಗಳು ಮುಗಿದ ಮೇಲೆ ನಾನು ಹೊಸದೊಂದು ತರಿಸಿದೆ. ಮನೆಯಲ್ಲೇ ದೂರದರ್ಶಕ ಮಾಡುವುದು ಹೇಗೆ ಅನ್ನುವುದು. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದದ್ದು. ತೆಗೆದು ನೋಡಿದೆ. ಪ್ರಕಾಶಕರದು, ಅನುವಾದಕರದು, ಯಾರೋ ದೊಡ್ಡವರದು, ಆಮೇಲೆ ದೂರದರ್ಶಕದ ಚರಿತ್ರೆ, ಆಮೇಲೆ ಓದುಗರಿಗೆ ಕೆಲವು ಸೂಚನೆಗಳು. ಸೂಚನೆ ಅಂದರೆ ಪುಸ್ತಕ ಹರಿಯಬೇಡಿ ಅಂತಲೇ ಇರುತ್ತದೆ ಅಂದುಕೊಂಡೆ. ಇಪ್ಪತ್ತೇಳನೇ ಪುಟದಲ್ಲಿ 'ಬೇಕಾಗುವ ಸಾಮಾನು' ಅಂತ ಇತ್ತು. ಅಲ್ಲಿಗೆ ಚೀಟಿ ಅಂಟಿಸಿ, ಗಂಟು ಕಟ್ಟಿ ಬಸ್ಸಿಗೆ ಕೊಟ್ಟೆ.

ಮಾನಪ್ಪ ಅಣ್ಣ ಯಾದಗಿರಿಯ ಚಸ್ಮಾ ಅಂಗಡಿಯಿಂದ ಭೂತಗಾಜು ತಂದರು. ನೀರಿನ ಪೈಪು ಕೊಯ್ದರು. ಒಳಗೆ ಬೆಳಕು ಆಡಬಾರದು ಅಂತ ಪುಸ್ತಕ ಹೇಳಿದ್ದಕ್ಕೆ ಕಪ್ಪು ಕೋಟಿನ ಬಟ್ಟೆಯ ಅಸ್ತರು ಹೊಲಿದರು. ಅಂಥ ಚೆಂದದ ಅಸ್ತರು ಯಾವ ಕೋಟಿಗೂ ಹಾಕಿರಲಿಕ್ಕಿಲ್ಲ. ನನ್ನನ್ನು ಕರೆದರು. ಒಂದು ಸಂಜೆ, ಇನ್ನೂ ಬೆಳಕಿರುವಾಗ, ಅಂಗಡಿಯ ಮುಂದೆ ಚಂದ್ರನನ್ನು ತೋರಿಸಿದರು. ಗುಂಡಿ ಗುಂಡಿ, ಅಂಚಿನಲ್ಲಿ ಹಲ್ಲು ಹಲ್ಲು. ನಾನು ಚೀರಿಬಿಟ್ಟೆ.

"ಹೆಂಗದ ತಂಗಿ? ಪಾಪ, ಅವಂಗ ಮೈಲಿಬ್ಯಾನಿ ಬಂದು ಹೋಗ್ಯದ" ಅಂದು ನಕ್ಕರು.

ಗುರಣ್ಣನೂ ಬಂದು ಒಂದು ಕಣ್ಣು ಮುಚ್ಚಿ ನೋಡಿದ. "ಇದರಾಗ ಯಾದಗಿರಿ ಕಾಣ್ತದೇನು? ನಮ್ಮ ಅಳಿಯ ಎಲ್ಲಿ ಕುಂತು ಇಸ್ಪೀಟ್ ಆಡಾಕತ್ಯಾನ ನೋಡಬೇಕಿತ್ತು" ಅಂದ. ಮಹಾದೇವಿ ಅಕ್ಕ ಎಲ್ಲರಿಗೂ ಮಂಡಕ್ಕಿ ಕೊಟ್ಟಳು. ಅವರ ಹತ್ತು ವರ್ಷದ ಮಗಳು ಪೈಪು ಬಿಡಲೇ ಇಲ್ಲ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸಂಬಳ ಇಲ್ಲ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಅಂದುಕೊಂಡೆ.

ಅದೇ ವರ್ಷ ಸೂರ್ಯಗ್ರಹಣ ಬಂತು. ಹಿಂದಿನ ದಿನ ಮಾನಪ್ಪ ಅಣ್ಣ ಫೋನ್ ಮಾಡಿದರು.

"ನಾಳಿ ಬಾ ತಂಗಿ. ಓಣ್ಯಾಗಿನ ಮಂದೀಗೆಲ್ಲ ತೋರಸ್ತೀನಿ. ಒಬ್ರಾದ್ರೂ ಹೊರಗ ಬರ್ಲಿ."

"ಲೈಬ್ರರಿ ಬಿಟ್ಟು ಬರಾಕ ಆಗಂಗಿಲ್ಲಣ್ಣ. ನೀವು ನೋಡ್ರಿ, ಫೋಟೋ ಕಳಸ್ರಿ."

"ಕಣ್ಣು ಇಡೋ ಕಡಿ ಎಕ್ಸ್‌ರೇ ಹಾಳಿ ಎರಡು ಪದರ ಕಟ್ಟೀನಿ. ಸಾಕಲ್ಲ?"

"ಪುಸ್ತಕದಾಗ ಏನಂದಾರ?"

"ನೀ ಹೇಳಿದಲ್ಲಿಂದ ಪೂರಾ ಓದೀನಿ. ಸೂರ್ಯನ ಮಾತೇ ಇಲ್ಲ ಅದರಾಗ."

"ಹಂಗಾದ್ರ ಸಾಕಾಗ್ತದ ಬಿಡ್ರಿ" ಅಂದೆ ನಾನು.

ಆಗ ನನ್ನ ಮುಂದೆ ಒಬ್ಬರು ಮೀನು ಸಾಕಣೆಯ ಪುಸ್ತಕ ಕೇಳುತ್ತ ನಿಂತಿದ್ದರು. ಅವರಿಗೆ ಉತ್ತರ ಕೊಡುವ ಅವಸರ ನನಗೆ.

ಮರುದಿನ ಏನಾಯಿತು ಅಂತ ಆಮೇಲೆ ಮಹಾದೇವಿ ಅಕ್ಕ ಹೇಳಿದ್ದು. ಓಣಿಯಲ್ಲಿ ಯಾರೂ ಹೊರಬರಲಿಲ್ಲ. ಮಗಳು ಮಾತ್ರ ಸಾಲಿನಲ್ಲಿ ಮೊದಲು ನಾನು ಅಂತ ನಿಂತಳು. "ಇರು, ಮೊದ್ಲು ನಾ ನೋಡ್ತೀನಿ, ಬರೋಬ್ಬರಿ ಕೂಡಿಸ್ತೀನಿ" ಅಂತ ಇವರು ಬಲಗಣ್ಣು ಇಟ್ಟರು. ಗಾಜು ಒಟ್ಟುಗೂಡಿಸಿದ ಬಿಸಿಲಿಗೆ ಹಾಳೆ ಚಟ್ ಅಂತ ಸುಟ್ಟು ತೂತಾಯಿತು. ತಲೆ ಹಿಂದಕ್ಕೆ ಎಳೆದುಕೊಂಡರು. ನೋವಿಲ್ಲ, ಏನಿಲ್ಲ. ತೂತು ನೋಡಿದವರೇ ಪೈಪು ಒಳಗಿಟ್ಟು, ಮಗಳನ್ನೂ ಒಳಗೆ ಕಳಿಸಿದರು. ಚಹಾ ಕುಡಿದರಂತೆ.

ಮರುದಿನ ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಇರಲಿಲ್ಲ. ನೋಡಬೇಕೆಂದ ಜಾಗದ ಸರಿಯಾಗಿ ನಡುವೆ ಒಂದು ಕಪ್ಪು ಚುಕ್ಕೆ. ಸುತ್ತ ಎಲ್ಲ ಕಾಣುತ್ತದೆ, ನೋಡುವುದು ಮಾತ್ರ ಕಾಣುವುದಿಲ್ಲ. ಕಲಬುರಗಿಗೆ ಹೋದರು. ಒಳಗಿನ ಪರದೆ ಸುಟ್ಟಿದೆ, ಇನ್ನು ಬರುವುದಿಲ್ಲ ಅಂದರು ಡಾಕ್ಟರು. ಎಡಗಣ್ಣು ಮೊದಲಿಂದಲೂ ಮಂದ. ಹೊಲಿಗೆ ಓರೆ ಬೀಳತೊಡಗಿತು. ಶಾಲೆಯವರು ಸಮವಸ್ತ್ರದ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ನನಗೆ ಸುದ್ದಿ ಗೊತ್ತಾದದ್ದು ಪುಸ್ತಕ ತಿರುಗಿ ಬಂದಾಗ. ಕಂಡಕ್ಟರ್ ಗಂಟು ಕೊಡುತ್ತಾ, "ನಿಮ್ಮ ಟೇಲರ್ ಗ್ರಹಣ ನೋಡಿ ಕುರುಡ ಆಗ್ಯಾನಂತ್ರಿ ಅಕ್ಕಾ" ಅಂದ. ನಾನು ಅಲ್ಲೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ಮೊದಲಿಂದ ಓದಿದೆ. ಹತ್ತೊಂಬತ್ತನೇ ಪುಟ. ಓದುಗರಿಗೆ ಕೆಲವು ಸೂಚನೆಗಳು. ಮೊದಲನೆಯದೇ ಅದು, ದಪ್ಪ ಅಕ್ಷರದಲ್ಲಿ. ಈ ನಳಿಕೆಯಿಂದ ಸೂರ್ಯನನ್ನು ಎಂದಿಗೂ ನೋಡಬಾರದು, ಗ್ರಹಣದಲ್ಲೂ ಕೂಡದು, ಕಣ್ಣಿನ ಕಡೆ ಏನು ಕಟ್ಟಿದರೂ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಕಣ್ಣು ಶಾಶ್ವತವಾಗಿ ಹೋಗುತ್ತದೆ ಅಂತ.

ಅಂಚು ನೋಡಿದೆ. ಇಪ್ಪತ್ತಾರನೇ ಪುಟದವರೆಗೆ ಬೆಳ್ಳಗಿತ್ತು. ಆಮೇಲೆ ಸೀಮೆಸುಣ್ಣದ ನೀಲಿ, ಮಷೀನ್ ಎಣ್ಣೆ, ಕೊನೆಯವರೆಗೂ.

ಹೆಬ್ಬೆರಳಿಗೆ ಉಗುಳು ಹಚ್ಚಿ ಚೀಟಿಯನ್ನು ನೆನೆಸಿ ಕಿತ್ತೆ. ಕಿತ್ತು, ಉಂಡೆ ಮಾಡಿ, ಚರಂಡಿಗೆ ಹಾಕಿದೆ. ಮಾಸ್ತರರು ಪುಸ್ತಕವನ್ನು ಕಪಾಟಿಗೆ ಇಡುವಾಗ ಆ ಪುಟದ ಮೇಲೆ ಬೆರಳಾಡಿಸಿದರು. ಅಂಟಿನ ಜಿಗುಟು ಇತ್ತು.

"ಇಲ್ಲಿ ಚೀಟಿ ಇತ್ತೇನು?"

"ಇಲ್ರಿ ಸರ್."

ಅವರು ಬೆರಳನ್ನು ಅಂಗಿಗೆ ಒರೆಸಿಕೊಂಡು ಪುಸ್ತಕ ಒಳಗಿಟ್ಟರು.

ಐದು ತಿಂಗಳು ಸುಮ್ಮನಿದ್ದೆ. ಸುಮ್ಮನಿರುವುದು ಸುಲಭವಿತ್ತು, ಯಾಕೆಂದರೆ ನನ್ನ ಪರವಾಗಿ ಇಡೀ ಊರು ಮಾತಾಡುತ್ತಿತ್ತು. ಗ್ರಹಣದಲ್ಲಿ ಹೊರಗೆ ಹೋದ, ಗ್ರಹಣ ಮುಟ್ಟಿತು ಅಂತ. ಯಾರೂ ಪುಸ್ತಕದ ಹೆಸರೆತ್ತಲಿಲ್ಲ. ನನ್ನ ಹೆಸರಂತೂ ಇಲ್ಲವೇ ಇಲ್ಲ. ಮೂಢನಂಬಿಕೆ ಅಂತ ಅಷ್ಟು ವರ್ಷ ಬೈದವಳು ನಾನು, ಅದರದೇ ನೆರಳಿನಲ್ಲಿ ಆರಾಮಾಗಿ ಕೂತಿದ್ದೆ. ಕೂತು ಚೀಟಿಗಳನ್ನೂ ಒಂದೊಂದಾಗಿ ಕೀಳುತ್ತಿದ್ದೆ, ಮಾಸ್ತರರು ಇಲ್ಲದ ಹೊತ್ತು ನೋಡಿ.

ಚೀಟಿ ಅಂಟಿಸಬೇಡಿ ಅಂತ ನಾನು ಹೊಸಬರಿಗೆ ಹೇಳುವುದಿಲ್ಲ. ಅದರಿಂದ ಓದಿದವರು ಬಹಳ ಮಂದಿ. ಆದರೆ ಬಿಡಿರಿ ಅಂತ ನೀವು ಹೇಳುವ ಪುಟವನ್ನು ನೀವು ಓದಿರಬೇಕು. ಮೀನಿನದಿರಲಿ, ಮೇಣದಬತ್ತಿಯದಿರಲಿ. ಕಣ್ಣಿನ ಸುದ್ದಿ ಬಂದ ಮೇಲೂ ನಾನು ಎಂಟು ತಿಂಗಳು ಆ ಕುರ್ಚಿಯಲ್ಲಿ ಕೂತೆ. ಯಾರಾದರೂ ಬಂದು ಯಾವುದು ಓದಲಿ ಅಂದರೆ ಮಾಸ್ತರರ ಕಡೆ ಕೈ ತೋರಿಸುತ್ತಿದ್ದೆ. ಪೂರ್ತಿ ಓದಿದ ಪುಸ್ತಕ ಕೊಡಲೂ ಕೈ ಏಳುತ್ತಿರಲಿಲ್ಲ. ಅದಕ್ಕೇ ಬಿಟ್ಟೆ.

ಐದು ತಿಂಗಳಾದ ಮೇಲೆ ಒಂದು ದಿನ ಸುರಪುರಕ್ಕೆ ಹೊರಟೆ. ಹೇಳಬೇಕು ಅಂತಲೇ ಹೊರಟೆ ಅಂದರೆ ಸುಳ್ಳಾಗುತ್ತದೆ. ನೋಡಿ ಬರೋಣ, ಹಣ್ಣು ಕೊಟ್ಟು ಬರೋಣ ಅಂತ. ಮಾಸ್ತರರು ಮೆಟ್ಟಿಲವರೆಗೆ ಬಂದು ದೂರದರ್ಶಕದ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದರು.

"ಇದ್ಯಾಕ್ರಿ ಸರ್?"

"ಒಯ್ಯಿ. ಬೇಕಾಗ್ತದ."

ಅಂಗಡಿಯಲ್ಲಿ ಮಾನಪ್ಪ ಅಣ್ಣ ಗುಂಡಿ ಹಚ್ಚುತ್ತಿದ್ದರು, ಬೆರಳಿನಿಂದ ತಡವಿ ತಡವಿ. ಮಷೀನಿನ ಕೆಲಸ ಈಗ ಅಕ್ಕನೊಬ್ಬಳದೇ. ನನ್ನನ್ನು ಕಂಡು ಮುಖವನ್ನು ಸ್ವಲ್ಪ ಓರೆ ಮಾಡಿದರು, ಚುಕ್ಕೆಯ ಪಕ್ಕದಿಂದ ನೋಡಲು. "ಯಾರು, ತಂಗಿಯೇನು? ಬಾ, ಕೂಡು." ತೋಳು ಎತ್ತಿದಾಗ ಅಂಗಿಯ ಕೈ ಸರಿಯಿತು. ರಟ್ಟೆಗೆ ಕಪ್ಪು ದಾರ ಕಟ್ಟಿತ್ತು. ದಾರದಲ್ಲಿ ತಾಯಿತ.

ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ಇವಳು ಕಟ್ಯಾಳ" ಅಂದರು. "ನಾನೂ ಬ್ಯಾಡ ಅನ್ನಲಿಲ್ಲ. ಓಣ್ಯಾಗಿನವ್ರು ಹೇಳೂದು ಖರೇ ಇರಬೇಕು ತಂಗಿ. ಇಷ್ಟ್ ಮಂದಿ ಇಷ್ಟ್ ದಿನದಿಂದ ಹೇಳಾಕತ್ಯಾರ, ನಾ ಒಬ್ಬಂವ ಶ್ಯಾಣ್ಯಾ ಆಗಾಕ ಹ್ವಾದೆ. ಪೈಪು ಮುರದು ಒಗದೀನಿ. ಮಗಳಿಗೂ ಹೇಳೀನಿ, ಇನ್ನ ಗ್ರಹಣ ಬಂದ್ರ ಹೊಸ್ತಲಾ ದಾಟಬ್ಯಾಡ ಅಂತ."

ರಸ್ತೆಯಾಚೆಯಿಂದ ಗುರಣ್ಣ, "ಈಗ ಬುದ್ಧಿ ಬಂದದ ನೋಡ್ರಿ ನಮ್ಮ ಟೇಲರಗ!" ಅಂದ. ಚೇಷ್ಟೆಗೆ ಅಂದದ್ದಲ್ಲ, ಕನಿಕರದಿಂದಲೇ ಅಂದ. ಮಾನಪ್ಪ ಅಣ್ಣ ತಲೆ ತಗ್ಗಿಸಿ ಗುಂಡಿ ಹುಡುಕತೊಡಗಿದರು. ಗ್ರಹಣದ ದಿನ ರಸ್ತೆ ನಡುವೆ ಕೂತು ಚಹಾ ಕುಡಿದ ಮನುಷ್ಯ ಅವರು.

ಹಣ್ಣಿನ ಚೀಲ ಕೆಳಗಿಟ್ಟೆ. "ಅಣ್ಣ, ಗ್ರಹಣ ಅಲ್ಲ. ಪುಸ್ತಕದಾಗ ಬರದಿತ್ತು. ಸೂರ್ಯನ್ನ ನೋಡಬ್ಯಾಡ್ರಿ, ಹಾಳಿ ಸುಡ್ತದ ಅಂತ. ಹತ್ತೊಂಬತ್ತನೇ ಪುಟದಾಗ ಇತ್ತು. ಅದು ಬೇಕಿಲ್ಲ ಅಂತ ಚೀಟಿ ಹಚ್ಚಿದಾಕಿ ನಾನು. ನಾ ಓದಿರಲಿಲ್ಲ. ಓದೇ ಇರಲಿಲ್ಲ ಅಣ್ಣ."

ಮಹಾದೇವಿ ಅಕ್ಕನ ಮಷೀನ್ ನಿಂತಿತು.

"ಯಾವಾಗ ಗೊತ್ತಾತು ನಿನಗ?" ಅಕ್ಕನೇ ಕೇಳಿದಳು.

"ಪುಸ್ತಕ ತಿರುಗಿ ಬಂದ ದಿನ."

"ಐದು ತಿಂಗಳು! ಐದು ತಿಂಗಳು ಈ ಮನಷ್ಯಾ ತನ್ನ ತಾನೇ ಬೈಕೊಂತ ಗ್ವಾಡಿಗಿ ಮಾರಿ ಮಾಡಿ ಕುಂತಾರ. ನಾ ಹೋಗಿ ಯಾರ್ಯಾರದೋ ಕಾಲು ಬಿದ್ದು ದಾರ ತಂದೀನಿ. ನಿನಗ ಒಂದು ಫೋನ್ ಮಾಡಾಕ ಆಗಲಿಲ್ಲೇನ ತಂಗೀ?"

ಮಾನಪ್ಪ ಅಣ್ಣ ಕೈಯಲ್ಲಿದ್ದ ಗುಂಡಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ, ತಮಗೆ ತಾವೇ ಲೆಕ್ಕ ಹೇಳಿಕೊಂಡ ಹಾಗೆ ಅಂದರು. "ಅಂದ್ರ ರಾಹು ಅಲ್ಲ, ಕೇತು ಅಲ್ಲ. ನೀ."

"ಹೌದಣ್ಣ."

"ಪುಸ್ತಕ ತಂದೀಯೇನು?"

ತೆಗೆದೆ. ಅವರು ರಸ್ತೆಯಾಚೆ ಕೂಗಿದರು. "ಏ ಗುರಣ್ಣ! ಬಾ ಇಲ್ಲಿ. ಗಿರಾಕಿ ಆಮ್ಯಾಲ ನೋಡ್ಕೊ. ಬಾ, ಕೂಡು." ಗುರಣ್ಣ ಟವೆಲಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಕುಪ್ಪಸ ಒಯ್ಯಲು ಬಂದಿದ್ದ ಇಬ್ಬರು ಹೆಣ್ಣುಮಕ್ಕಳೂ ನಿಂತರು.

"ಓದು" ಅಂದರು ನನಗೆ. "ಒಂದನೇ ಪುಟದಿಂದ. ಒಂದೂ ಬಿಡಬ್ಯಾಡ."

ಓದಿದೆ. ಪ್ರಕಾಶಕರ ಮಾತು ಓದಿದೆ. ಅನುವಾದಕರು ತಮ್ಮ ಗುರುಗಳನ್ನು ನೆನೆದದ್ದು ಓದಿದೆ. ಗಾಜು ಉಜ್ಜುವುದನ್ನು ಮೊದಲು ಯಾರು ಕಲಿತರು ಅನ್ನುವುದನ್ನು ಓದಿದೆ. ಹಾಳೆ ಮಗುಚಲು ನಿಂತರೆ ಅವರು ಕಾಯುತ್ತಿದ್ದರು. ಯಾರೂ ನೀರು ಕೊಡಲಿಲ್ಲ. ಹತ್ತೊಂಬತ್ತನೇ ಪುಟ ಬಂತು. ಸೂರ್ಯನ ಮಾತು ಓದಿದೆ.

"ಮತ್ತೊಮ್ಮೆ" ಅಂದರು.

ಮತ್ತೊಮ್ಮೆ ಓದಿದೆ.

"ಗುರಣ್ಣ, ಕೇಳಿದೇನು?"

"ಕೇಳಿದೆನೋ ಮಾರಾಯ" ಅಂದ ಗುರಣ್ಣ, ನೆಲ ನೋಡುತ್ತ.

"ಇನ್ನೊಮ್ಮೆ ಓದು ತಂಗಿ."

ಮೂರನೇ ಸಲ ಓದಿ ಮುಗಿಸಿದಾಗ ಅವರು ಮೇಜಿನ ಮೇಲೆ ಕೈಯಾಡಿಸಿ ಕತ್ತರಿ ತೆಗೆದುಕೊಂಡರು. ಇನ್ನೊಂದು ಕೈಯ ಅಂಗಿ ಮೇಲೆ ಮಾಡಿ, ಮುಖ ಓರೆ ಮಾಡಿ, ರಟ್ಟೆಯ ದಾರಕ್ಕೆ ಕತ್ತರಿ ಹಾಕಿದರು. ತಪ್ಪಿತು. ಮತ್ತೆ ಹಾಕಿದರು. ಬರೀ ಗಾಳಿ ಕತ್ತರಿಸಿತು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ. ಮಹಾದೇವಿ ಅಕ್ಕ ಎದ್ದು ಬಂದು, ಅವರ ಕೈಯಿಂದ ಕತ್ತರಿ ತೆಗೆದುಕೊಂಡು, ತಾನೇ ಕಟ್ಟಿದ ಗಂಟಿನ ಪಕ್ಕಕ್ಕೆ ಹಾಕಿ ಕತ್ತರಿಸಿದಳು. ತಾಯಿತ ಬಟ್ಟೆ ಚೂರುಗಳ ನಡುವೆ ಬಿತ್ತು.

ನಾನು ಪುಸ್ತಕ ಮುಚ್ಚಲು ಹೋದೆ.

"ಯಾಕ ನಿಲ್ಲಿಸಿದಿ?" ಅಂದರು ಮಾನಪ್ಪ ಅಣ್ಣ. "ಓದು. ಇನ್ನ ಏಳು ಪುಟ ಅದಾವ."